ಜೀನ್ ಮಾರ್ಚಳ ತಾಯಿಯನ್ನು ಹುಡುಕಿದ್ದು

ಎಫಿ ಮೊವಾಟ್ ಮೂವತ್ತೊಂದು ವರ್ಷ ನಮ್ಮ ಸ್ಕಾರ್‌ಹೇವನ್ನಿನಲ್ಲಿ ಟಪಾಲು ಹಂಚಿದವಳು. ಕೇತ್‌ನೆಸ್ ಕಡಲಂಚಿನ ಈ ಊರಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೆ ಯಾರ ಮನೆಯ ಬಾಗಿಲು ತೆರೆಯಲಾಗುವುದಿಲ್ಲ ಎಂಬುದು ಕೂಡ ಅವಳಿಗೆ ಗೊತ್ತಿತ್ತು. ಗಿಡ್ಡ ಆಳು, ದೊಡ್ಡ ದನಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, “ಊರಿನ ಎಲ್ಲಾ ಗಂಡಸರಿಗೂ ಎಲ್ಲೆಲ್ಲಿಂದ ಕಾಗದ ಬರುತ್ತೆ ಅಂತ ನೋಡಿದೀನಿ. ಆಮೇಲೆ ಯಾವನನ್ನ ಒಪ್ಪಲಿ?” ಎನ್ನುತ್ತಿದ್ದಳು.

ನಿವೃತ್ತಿಯಾದ ವರ್ಷವೇ ಅವಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ದಿನಕ್ಕೆ ಎಂಟು ಮೈಲಿ ನಡೆಯುತ್ತಿದ್ದವಳಿಗೆ ಮನೆಯೊಳಗೆ ಕೂತಿರುವುದೆಂದರೆ ಜೈಲು. ಬೇಸರ ತಾಳಲಾರದೆ ಒಂದು ಗುರುವಾರ ಮಧ್ಯಾಹ್ನ ಊರುಗೋಲು ಹಿಡಿದು ಚರ್ಚಿನ ಹಿಂದಿನ ಸಭಾಂಗಣಕ್ಕೆ ಬಂದಳು. ಅಲ್ಲಿ ನಮ್ಮ ವಂಶಾವಳಿ ಬಳಗ ಸೇರುತ್ತದೆ. ಹತ್ತು ಹನ್ನೆರಡು ಜನ, ಎರಡು ಕಂಪ್ಯೂಟರು, ಒಂದು ದೊಡ್ಡ ಚಹಾ ಪಾತ್ರೆ. ಒಬ್ಬರು ಸಮಾಧಿ ಕಲ್ಲುಗಳ ಹಾವಸೆ ಕೆರೆದು ಹೆಸರು ಬರೆದುಕೊಂಡು ಬರುತ್ತಾರೆ, ಇನ್ನೊಬ್ಬರು ಜನಗಣತಿಯ ಹಾಳೆ ನೋಡುತ್ತಾರೆ. ಸಿಕ್ಕಿದ್ದನ್ನೆಲ್ಲ ಅಂತರ್ಜಾಲದಲ್ಲಿರುವ ಒಂದೇ ವಂಶವೃಕ್ಷಕ್ಕೆ ಸೇರಿಸುತ್ತೇವೆ. ನಮ್ಮ ಊರಿಂದ ಹಡಗು ಹತ್ತಿ ಹೋದವರ ಮಕ್ಕಳು ಮೊಮ್ಮಕ್ಕಳು ಎಲ್ಲೇ ಇದ್ದರೂ ಅದನ್ನು ನೋಡಬಹುದು, ತಮಗೆ ಗೊತ್ತಿದ್ದನ್ನು ಸೇರಿಸಬಹುದು. ನಾನು, ಹ್ಯೂ ಬ್ರೆಮ್ನರ್, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹಳೆಯ ಕೈಬರಹ ಓದುವುದು ಬಳಗದಲ್ಲಿ ನನ್ನ ಪಾಲಿಗೆ ಬಂದ ಕೆಲಸ.

“ಇಲ್ಲಿ ಚಹಾ ಬಿಸಿ ಇರುತ್ತೆ ಅಂದ್ರು, ಅದಕ್ಕೆ ಬಂದೆ” ಎಂದಳು ಎಫಿ. “ಸತ್ತೋರ ವಿಚಾರ ನಂಗೆ ಬೇಡ. ಬದುಕಿದ್ದೋರದ್ದೇ ಸಾಕಾಗಿದೆ.”

“ನಿಮ್ಮಮ್ಮ ಯಾವಾಗ್ಲೂ ಹೇಳ್ತಿದ್ರಲ್ಲ, ನಿಮ್ಮದು ಜಮೀನ್ದಾರನ ರಕ್ತ ಅಂತ?” ನಾನು ಕೆಣಕಿದೆ.

“ಹೌದು ಮಾರಾಯ. ನಮ್ಮಜ್ಜಿಯ ಅಜ್ಜಿ ಜಮೀನ್ದಾರನಿಗೆ ಕದ್ದು ಹುಟ್ಟಿದೋಳಂತೆ. ಈ ಊರಲ್ಲಿ ಹಾಗೆ ಹೇಳ್ಕೊಳ್ಳದೇ ಇರೋ ಮನೆ ಒಂದು ತೋರ್ಸು ನೋಡೋಣ. ಅವೆಲ್ಲಾ ನಿಜ ಆಗಿದ್ರೆ ಆ ಮನುಷ್ಯನಿಗೆ ಊಟಕ್ಕೆ ಕೂರೋಕೂ ಪುರುಸೊತ್ತು ಸಿಕ್ಕಿರ್ಲಿಕ್ಕಿಲ್ಲ.”

ನಗುತ್ತಲೇ ನಾನು 1857ರ ಮದುವೆ ದಾಖಲೆ ತೆರೆದೆ. ಅವಳ ಅಜ್ಜಿಯ ಅಜ್ಜಿಯ ಹೆಸರು ಸಿಕ್ಕಿತು: ಜೀನ್ ಮಾರ್ಚ್, ವಯಸ್ಸು ಹತ್ತೊಂಬತ್ತು, ವರ ಮೀನುಗಾರ. ವಧುವಿನ ತಂದೆತಾಯಿ ಎಂಬ ಜಾಗದಲ್ಲಿ ಗುಮಾಸ್ತ ಒಂದು ಉದ್ದ ಗೆರೆ ಎಳೆದಿದ್ದ. ಎಫಿ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಾಡಿಸಿದಳು. ಆ ಪುಟದಲ್ಲಿ ಎಂಟು ಮದುವೆಗಳಿದ್ದವು.

“ಎಲ್ಲರಿಗೂ ಅಪ್ಪ ಅಮ್ಮ ಇದಾರೆ. ಇವಳೊಬ್ಬಳಿಗೆ ಗೀಟು” ಎಂದಳು. ಆಮೇಲೆ, “ಗೀಟಿನ ಆಚೆ ಏನಿದೆ ನೋಡೋಕಾಗುತ್ತಾ, ಹ್ಯೂ?” ಎಂದು ಕೇಳಿದಳು.

ಆ ದಿನದಿಂದ ಅವಳು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಹಳೆಯ ಬರಹದ ಸುರುಳಿ ಅಕ್ಷರಗಳನ್ನು ನನ್ನಿಂದ ಆರೇ ವಾರದಲ್ಲಿ ಕಲಿತಳು. ಕೆಟ್ಟ ಕೈಬರಹದ ವಿಳಾಸ ಓದಿ ಪಳಗಿದ ಕಣ್ಣು ಅವಳದು. ನಾನು ತಡವರಿಸುವಲ್ಲಿ ಅವಳು ಸರಾಗವಾಗಿ ಓದತೊಡಗಿದಳು. ಚಳಿಗಾಲದ ನಡುವೆ ಚರ್ಚಿನ ಹಿರಿಯರ ಸಭೆಯ ಹಳೆಯ ನಡಾವಳಿ ಪುಸ್ತಕದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಆ ಕಾಲದಲ್ಲಿ ಊರಿನ ಯಾರ ಮನೆಯ ತಪ್ಪೂ ಆ ಸಭೆಯ ಕಣ್ಣು ತಪ್ಪಿಸುವಂತಿರಲಿಲ್ಲ. ಎಫಿ ಎದ್ದುನಿಂತು ಎಲ್ಲರಿಗೂ ಕೇಳುವಂತೆ ಓದಿದಳು.

1838ರ ಮಾರ್ಚ್ ಐದು, ಸೋಮವಾರ ಬೆಳಿಗ್ಗೆ, ಬಂದರಿನ ಉಪ್ಪಿನ ಗೋದಾಮಿನ ಬಾಗಿಲಲ್ಲಿ, ಮೀನಿನ ಬುಟ್ಟಿಯೊಳಗೆ, ಉಣ್ಣೆಯ ಶಾಲು ಸುತ್ತಿದ ಹೆಣ್ಣು ಶಿಶು ಸಿಕ್ಕಿದೆ. ಸಿಕ್ಕ ತಿಂಗಳಿನ ಹೆಸರನ್ನೇ ಮನೆತನದ ಹೆಸರಾಗಿಟ್ಟು ಜೀನ್ ಮಾರ್ಚ್ ಎಂದು ದೀಕ್ಷಾಸ್ನಾನ ಮಾಡಿಸಲಾಗಿದೆ. ಪಾಪ ಮಾಡಿದವಳನ್ನು ಪತ್ತೆ ಹಚ್ಚುವುದಕ್ಕಾಗಿ ಊರಿನ ಮದುವೆಯಾಗದ ಹೆಂಗಸರೆಲ್ಲರ ಮೊಲೆಗಳನ್ನು ಸೂಲಗಿತ್ತಿ ಹಿಂಡಿ ನೋಡತಕ್ಕದ್ದು ಎಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಮುಂದಿನ ವಾರ ಸೂಲಗಿತ್ತಿ ಕರ್ಸ್ಟಿ ಗನ್ ಸಭೆಯ ಮುಂದೆ ಬಂದು, ದೇವರೆದುರು ಕೈಯೆತ್ತಿ, ಮೂವತ್ತನಾಲ್ಕು ಹೆಂಗಸರನ್ನು ನೋಡಿದೆ, ಒಬ್ಬಳಲ್ಲೂ ಹಾಲಿಲ್ಲ ಎಂದು ಪ್ರಮಾಣ ಮಾಡಿದ್ದಾಳೆ. ತಾನು ವಿಧವೆ, ಮನೆಯಲ್ಲಿ ಆಡೊಂದಿದೆ, ಮಗುವನ್ನು ತಾನೇ ಸಾಕುತ್ತೇನೆ ಎಂದೂ ಕೇಳಿಕೊಂಡಿದ್ದಾಳೆ. ಸಭೆ ಒಪ್ಪಿದೆ. ಜೂನ್ ತಿಂಗಳ ನಡಾವಳಿಯಲ್ಲಿ ಒಂದೇ ಸಾಲು: ಬರೀ ಆಡಿನ ಹಾಲಿನಲ್ಲಿ ಆ ಮಗು ಇಷ್ಟು ದುಂಡಗೆ ಬೆಳೆಯುತ್ತಿರುವುದನ್ನು ಕಂಡು ಹಿರಿಯರು ದೇವರ ಕರುಣೆಗೆ ಬೆರಗಾದರು.

ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ತನಗೇ ಗೊತ್ತಿಲ್ಲದೆ ಎದೆಯ ಮೇಲೆ ಸ್ವೆಟರನ್ನು ಬಿಗಿಯಾಗಿ ಎಳೆದುಕೊಂಡಿದ್ದಳು.

“ಮೂವತ್ತನಾಲ್ಕು ಜನ” ಎಂದಳು ಎಫಿ. “ಹಾಳಾದೋರು.”

1841ರ ಜನಗಣತಿಯಲ್ಲಿ ಕರ್ಸ್ಟಿ ಗನ್ನಳ ಮನೆಯೂ ಸಿಕ್ಕಿತು. ಸೂಲಗಿತ್ತಿ ಕರ್ಸ್ಟಿ, ಮನೆಗೆಲಸದ ಎಲ್ಸ್ಪೆತ್ ಕಾರ್ಮ್ಯಾಕ್ ಎಂಬ ಇಪ್ಪತ್ತರ ಹುಡುಗಿ, ಮೂರು ವರ್ಷದ ಜೀನ್. ನಾವದನ್ನು ವಂಶವೃಕ್ಷಕ್ಕೆ ಸೇರಿಸಿ ಮುಂದೆ ಹೋದೆವು. ನಲವತ್ತು ವರ್ಷ ಮಕ್ಕಳಿಗೆ ‘ಕೊಟ್ಟಿರುವುದನ್ನು ಸರಿಯಾಗಿ ಓದಿ’ ಎಂದು ಗದರಿದ ನಾನು ಆ ಮೂರು ಸಾಲುಗಳನ್ನು ಓದಿಯೂ ಓದಲಿಲ್ಲ.

ಆಮೇಲೆ ದಾರಿ ಮುಚ್ಚಿಹೋಯಿತು. ನಮ್ಮ ಬಳಗದ ಕೆಲವರು ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸುವಾಗ ಎಫಿಯೂ ಮಾಡಿಸಿದಳು. ಅದರಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಹನ್ನೊಂದು ತಿಂಗಳು ಕಳೆದ ಮೇಲೆ ಕೆನಡಾದ ಒಂಟಾರಿಯೊದಿಂದ ಸಂದೇಶ ಬಂತು. ಬರೆದವಳು ಲೋರ್ನಾ ಫೆಟರ್ಲಿ, ದಾದಿಯಾಗಿದ್ದು ನಿವೃತ್ತಳಾದವಳು. ನಿಮ್ಮ ನನ್ನ ರಕ್ತ ಸ್ವಲ್ಪ ಕೂಡುತ್ತದೆ, ಆದರೆ ಎಲ್ಲಿ ಎಂದು ತಿಳಿಯುತ್ತಿಲ್ಲ. ನನ್ನ ಅಜ್ಜನ ಅಜ್ಜಿ ನಿಮ್ಮ ಊರಿನವಳು, ಹೆಸರು ಎಲ್ಸ್ಪೆತ್ ಕಾರ್ಮ್ಯಾಕ್, ಎಂದು ಬರೆದಿದ್ದಳು.

ಎಫಿ ನನಗೆ ಫೋನು ಮಾಡಿದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. “ಹ್ಯೂ, ಆ ಕೆಲಸದ ಹುಡುಗಿ” ಎಂದಳು. “ನೀನು ಈಗಲೇ ಬಾ.”

ಜೂನ್ ತಿಂಗಳ ಸಂಜೆ. ಅವಳ ಅಡುಗೆಮನೆಯ ತುಂಬ ಬಿಸಿಲಿತ್ತು, ಲೋರ್ನಾಳಿಗೆ ಅಲ್ಲಿ ಮಧ್ಯಾಹ್ನ. ಪರದೆಯ ಮೇಲೆ ಬೆಳ್ಳಿಗೂದಲ ಎತ್ತರದ ಹೆಂಗಸು ಕಾಣಿಸಿಕೊಂಡಳು. ನಾವು ನಡಾವಳಿಯ ವಿಷಯ ಒಂದಕ್ಷರವೂ ಹೇಳಿರಲಿಲ್ಲ. ಮೊದಲು ಅವಳ ಬಾಯಿಂದ ಕೇಳೋಣ ಎಂದು ನಾನೇ ಎಫಿಗೆ ಹೇಳಿದ್ದೆ.

“ಎಲ್ಸ್ಪೆತ್ ಇಲ್ಲಿಗೆ ಬಂದಾಗ ಅವಳಿಗೆ ಮೂವತ್ತೇಳು ವರ್ಷ” ಎಂದಳು ಲೋರ್ನಾ. “ಬಂದಿದ್ದು 1857ರ ಶರತ್ಕಾಲದಲ್ಲಿ. ಒಬ್ಬ ರೈತನನ್ನ ಮದುವೆಯಾದಳು, ಇಬ್ಬರು ಗಂಡುಮಕ್ಕಳು. ಅವಳ ಬೈಬಲ್ ನಮ್ಮ ಮನೇಲಿದೆ. ಮೊದಲ ಹಾಳೇಲಿ ಮಕ್ಕಳ ಹೆಸರು ಬರೆದಿದಾಳೆ. ಎರಡಲ್ಲ, ಮೂರು. ಮೊದಲನೇದು ಚಿಕ್ಕದ್ರಲ್ಲೇ ತೀರಿಹೋಗಿರ್ಬೇಕು ಅಂತ ನಮ್ಮ ಮನೇಲಿ ಎಲ್ಲರೂ ಹೇಳ್ತಿದ್ರು. ನೋಡಿ.”

ಅವಳು ಹಾಳೆಯನ್ನು ಕ್ಯಾಮೆರಾದ ಹತ್ತಿರ ಹಿಡಿದಳು. ಕಂದುಬಣ್ಣಕ್ಕೆ ತಿರುಗಿದ ಶಾಯಿ, ಒತ್ತಿ ಬರೆದ ಅಕ್ಷರ. ಎಫಿ ಓದಿದಳು:

“ಜೀನ್. 1838, ಮಾರ್ಚ್ ನಾಲ್ಕು.”

ಉಪ್ಪಿನ ಗೋದಾಮಿನ ಬಾಗಿಲಲ್ಲಿ ಮಗು ಸಿಕ್ಕ ಹಿಂದಿನ ದಿನ. ನಾನು ಮನಸ್ಸಿನಲ್ಲೇ ವಾರ ಲೆಕ್ಕ ಹಾಕಿದೆ. ಭಾನುವಾರ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಚರ್ಚಿನಲ್ಲಿ ಕೂತಿದ್ದ ದಿನ. ಆ ಖಾಲಿ ಊರಿನ ಒಂದು ಮನೆಯಲ್ಲಿ ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಹಡೆದಿದ್ದಳು; ಪಕ್ಕದಲ್ಲಿ ಊರಿನ ಸೂಲಗಿತ್ತಿಯೇ ಇದ್ದಿರಬೇಕು.

ಎಫಿ ಪರದೆಯ ಹತ್ತಿರಕ್ಕೆ ಬಾಗಿದಳು. “ಸತ್ತಿರ್ಲಿಲ್ಲ ಕಣಮ್ಮಾ” ಎಂದಳು. “ನಿಮ್ಮ ಜೀನ್ ಸತ್ತಿರ್ಲಿಲ್ಲ. ಎಪ್ಪತ್ತಮೂರು ವರ್ಷ ಬದುಕಿದ್ಳು. ಏಳು ಮಕ್ಕಳನ್ನ ಹೆತ್ತಳು. ನಾನು ಅವಳ ಪೈಕಿ.”

ಲೋರ್ನಾಳ ಮುಖ ಪರದೆಯಿಂದ ಸರಿದುಹೋಯಿತು. ಅವಳು ಅಳುವುದು ಮಾತ್ರ ಕೇಳಿಸುತ್ತಿತ್ತು. ಎಫಿ ಅಳಲಿಲ್ಲ. ನನ್ನ ಕಡೆ ತಿರುಗಿ, ದೊಡ್ಡ ಕಣ್ಣು ಮಾಡಿಕೊಂಡು, ಪಿಸುಗುಟ್ಟಿದಳು: “ಆಡಿನ ಹಾಲಂತೆ, ಹ್ಯೂ! ಆ ಗಡ್ಡದ ಹಿರಿಯರೆಲ್ಲಾ ಬಂದು ನೋಡಿ ಹೋದರಂತೆ!”

ನಾನು ಆ ಕ್ಷಣವನ್ನು ಮರೆಯಲಾರೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದರೆ ಆತ್ಮ ನರಕಕ್ಕೆ ಹೋಗುತ್ತದೆಂದು ನಿಜವಾಗಿಯೂ ನಂಬಿದ್ದ ಕಾಲ ಅದು. ಕರ್ಸ್ಟಿ ಗನ್ ಕೂಡ ನಂಬಿದ್ದಳು. ನಂಬಿಕೊಂಡೇ ಕೈಯೆತ್ತಿದ್ದಳು. ಮೂವತ್ತಮೂರು ಸತ್ಯಗಳ ಜೊತೆ ಒಂದು ಸುಳ್ಳು ಸೇರಿಸಿ, ತಾಯಿಯನ್ನೂ ಮಗುವನ್ನೂ ಒಂದೇ ಸೂರಿನ ಕೆಳಗೆ ಉಳಿಸಿಕೊಂಡಿದ್ದಳು.

ಆಮೇಲೆ ನನಗೊಂದು ಅನುಮಾನ ಬಂತು. “ಎಫಿ, ಜೀನಳ ಮೊದಲನೇ ಮಗಳ ಹೆಸರೇನು?” ಎಂದು ಕೇಳಿದೆ. ನಮ್ಮಲ್ಲಿ ಆಗೆಲ್ಲ ಹೆಸರಿಡುವುದಕ್ಕೆ ಕಟ್ಟುಕಟ್ಟಳೆ ಇತ್ತು: ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರೇ ಇಡಬೇಕು. ಎಫಿ ತನ್ನ ನೋಟುಪುಸ್ತಕ ತೆಗೆದಳು. ಏಳು ಮಕ್ಕಳ ಪಟ್ಟಿ ಎರಡು ವರ್ಷದಿಂದ ಅದರಲ್ಲೇ ಇತ್ತು. ಮೊದಲನೆಯವಳು 1858ರಲ್ಲಿ ಹುಟ್ಟಿದವಳು.

ಹೆಸರು ಎಲ್ಸ್ಪೆತ್.

ಅಂದರೆ ಜೀನಳಿಗೆ ಗೊತ್ತಿತ್ತು. ಯಾವಾಗ ಗೊತ್ತಾಯಿತೋ, ಯಾರು ಹೇಳಿದರೋ ಅದು ಯಾವ ದಾಖಲೆಯಲ್ಲೂ ಇಲ್ಲ. ಮದುವೆಯ ದಿನ ಗುಮಾಸ್ತನ ಎದುರು ಬಾಯಿ ಬಿಡದೆ, ಮರುವರ್ಷ ಊರೆಲ್ಲ ಕೇಳುವಂತೆ ಚರ್ಚಿನಲ್ಲಿ ಮಗಳಿಗೆ ಆ ಹೆಸರು ಕೂಗಿಸಿದ್ದಳು. ಮಗಳ ಮದುವೆ ಮುಗಿಯುವ ತನಕ ಹತ್ತೊಂಬತ್ತು ವರ್ಷ ಕೆಲಸದವಳಾಗಿಯೇ ಪಕ್ಕದಲ್ಲಿದ್ದ ತಾಯಿ ಅಷ್ಟು ಹೊತ್ತಿಗೆ ಕಡಲಾಚೆ ಇದ್ದಳು.

ಇಷ್ಟಾದ ಮೇಲೂ ಎಫಿ ವಂಶವೃಕ್ಷದಲ್ಲಿ ತಾಯಿಯ ಹೆಸರು ತುಂಬಲಿಲ್ಲ. ಮೂರು ಗುರುವಾರ ಕಳೆದವು. ಬಳಗದವರು ಕೇಳಿ ಕೇಳಿ ಸಾಕಾದರು.

“ಯಾಕೆ ತಡ?” ಎಂದೆ ನಾನು.

“ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾರೆ ಮಾರಾಯ. ಮೂವತ್ತೊಂದು ವರ್ಷ ಟಪಾಲು ಹಂಚಿದೀನಿ, ಇನ್ನೊಬ್ಬರ ಲಕೋಟೆ ಒಂದ್ಸಲಾನೂ ಒಡೆದಿಲ್ಲ. ಈಗ ಒಡೀಲಾ?”

ಲೋರ್ನಾಳನ್ನೂ ಕೇಳಿದಳು. ಲೋರ್ನಾ ಹೇಳಿದಳು: “ಮುಚ್ಚಿಡಬೇಕು ಅಂತಿದ್ದಿದ್ರೆ ಅವಳು ಬೈಬಲ್‌ನಲ್ಲಿ ಯಾಕೆ ಬರೀತಿದ್ಳು, ಎಫಿ? ಗಂಡ ದಿನಾ ಸಂಜೆ ತೆಗೆದು ಓದೋ ಪುಸ್ತಕ ಅದು.”

ಎಫಿ ಮರುದಿನವೇ ಸಭಾಂಗಣದ ಕೀಲಿ ಇಸಕೊಂಡು ಹೋಗಿ, ಕಂಪ್ಯೂಟರಿನ ಮುಂದೆ ಕೂತು, ಜೀನ್ ಮಾರ್ಚಳ ಮೇಲಿನ ಖಾಲಿ ಚೌಕದಲ್ಲಿ ಒಂದೊಂದೇ ಅಕ್ಷರ ಒತ್ತಿ ಎಲ್ಸ್ಪೆತ್ ಕಾರ್ಮ್ಯಾಕ್ ಎಂದು ತುಂಬಿದಳು. ತಂದೆಯ ಚೌಕವನ್ನು ಹಾಗೇ ಬಿಟ್ಟಳು. “ಜಮೀನ್ದಾರನಾದರೇನು, ಮೀನು ಮಾರೋನಾದರೇನು” ಎಂದಳು. “ಅವನು ಆ ಭಾನುವಾರ ಬರ್ಲಿಲ್ಲ.” ಆ ವರ್ಷ ಮುಗಿಯುವುದರೊಳಗೆ ಎಲ್ಸ್ಪೆತಳ ಸಂತತಿಯೆಂದು ಇನ್ನೂ ಒಂಬತ್ತು ಮಂದಿ ಎಫಿಗೆ ಬರೆದರು. ಒಬ್ಬ ಆಸ್ಟ್ರೇಲಿಯದ ಕುರಿಗಾರ, ಒಬ್ಬಳು ಹಡಗಿನ ಇಂಜಿನಿಯರು. ಬಳಗದವರು ಸೇರಿ ಚರ್ಚಿನ ಸ್ಮಶಾನದ ಉತ್ತರದ ಮೂಲೆಯಲ್ಲಿ ಹುಲ್ಲಿನಡಿ ಕವುಚಿ ಬಿದ್ದಿದ್ದ ಕರ್ಸ್ಟಿ ಗನ್ನಳ ಕಲ್ಲನ್ನು ಎತ್ತಿ ನಿಲ್ಲಿಸಿದರು. ‘ಪ್ರಾಮಾಣಿಕ ಸ್ತ್ರೀ’ ಎಂದು ಅದರ ಮೇಲೆ ಕೆತ್ತಿತ್ತು. ಎಫಿ ಅದನ್ನು ಓದಿ ಎಷ್ಟು ನಕ್ಕಳೆಂದರೆ ಊರುಗೋಲು ಕೈಜಾರಿತು. ಆಮೇಲೆ ತಲೆಯ ಸ್ಕಾರ್ಫ್ ತೆಗೆದು ಕಲ್ಲಿನ ಮುಂದೆ ನಿಂತಳು.

ಕಳೆದ ಸೆಪ್ಟೆಂಬರಿನಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಎಫಿ ಮೊದಲ ಸಲ ವಿಮಾನ ಹತ್ತಿ ಒಂಟಾರಿಯೊಗೆ ಹೋದಳು. ಎಲ್ಸ್ಪೆತಳ ಸಮಾಧಿಯಿಂದ ಬಂದ ಮೇಲೆ ಅಲ್ಲಿಂದಲೇ ನನಗೆ ಫೋನು ಮಾಡಿದಳು.

“ಹೂವು ಇಟ್ಯಾ?” ಎಂದು ಕೇಳಿದೆ.

“ಹೂವು ಲೋರ್ನಾ ಇಟ್ಟಳು. ನಾನು ನೋಟುಪುಸ್ತಕ ತಗೊಂಡು ಹೋಗಿದ್ದೆ. ಓದಿ ಹೇಳ್ದೆ, ಹ್ಯೂ. ಅವಳು ಹಡಗು ಹತ್ತಿದ ಮೇಲಿಂದ ಶುರುಮಾಡಿ. ಜೀನ್‌ಗೆ ಯಾವ್ಯಾವಾಗ ಮಕ್ಕಳಾದ್ವು, ಯಾರ್ಯಾರ ಮದುವೆ ಎಲ್ಲೆಲ್ಲಿ ಆಯ್ತು, ಯಾವ ದೋಣಿ ಮುಳುಗಿತು, ಯಾರು ವಾಪಸ್ ಬಂದ್ರು, ಜೀನ್ ಕೊನೇಗೆ ಯಾರ ಮನೇಲಿದ್ಳು, ಎಲ್ಲಾ. ನಮ್ಮೂರಲ್ಲಿ ಏನಾಯ್ತು ಅಂತ ಪಾಪ ಅವಳಿಗೆ ಯಾರು ಬರೆದಿರ್ತಾರೆ?”

“ಎಷ್ಟು ಹೊತ್ತು ಓದಿದೆ?”

“ಮುಕ್ಕಾಲು ಗಂಟೆ. ಒಂದು ಹೆಸರೂ ಬಿಟ್ಟಿಲ್ಲ. ನಮ್ಮ ಹಿಂದೆ ಇನ್ಯಾರದೋ ಸಮಾಧಿಗೆ ಬಂದಿದ್ದ ಒಂದು ಸಂಸಾರ, ಅವರೂ ನಿಂತು ಕೇಳಿದ್ರು.” ಆಮೇಲೆ, “ಇಲ್ಲಿ ಸೊಳ್ಳೆ ವಿಪರೀತ ಕಣೋ” ಎಂದಳು.