ಒಂದು ಕ್ರಿಯಾಪದ, ಎರಡು ತುಂಡು ಅಂಜಲ್

ಉಚ್ಚಿಲದ ಮೀನು ಮಾರುವ ಹೆಂಗಸಿಗೆ ಸುಗಂಧಿ ಎಂದು ಹೆಸರಿಟ್ಟದ್ದು ಅವಳ ಅಪ್ಪ. ಬೇಕೆಂದೇ ಇಟ್ಟದ್ದು ಎಂದು ಅವಳ ಅನುಮಾನ.

ಇಪ್ಪತ್ತಾರು ವರ್ಷಗಳಿಂದ ಅವಳ ದಿನಚರಿ ಒಂದೇ. ನಾಲ್ಕಕ್ಕೆ ಎದ್ದು ಮಲ್ಪೆ ಬಂದರಿಗೆ, ಅಲ್ಲಿಂದ ಪಾಲಿನ ರಿಕ್ಷಾದಲ್ಲಿ ಮಣಿಪಾಲಕ್ಕೆ. ಅಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂವತ್ತೆರಡು ಮನೆ, ಅದರಲ್ಲಿ ಹತ್ತೊಂಬತ್ತು ಅವಳ ಗಿರಾಕಿಗಳು. ಕಳೆದ ನವೆಂಬರಿನಲ್ಲಿ ಅದೇ ಗೇಟಿನಲ್ಲಿ ವಾಚ್‌ಮನ್ ತಿಲಕ್ ಅವಳನ್ನು ತಡೆದ.

"ಒಳಗೆ ಬಿಡಬಾರದಂತೆ ಅಕ್ಕ. ಲಿಫ್ಟಿನಲ್ಲಿ ವಾಸನೆಯಂತೆ, ಸೆಕ್ರೆಟರಿ ಆರ್ಡರ್. ಎಂತಾದ್ರೂ ಹೇಳ್ಲಿಕ್ಕೆ ಉಂಟಾದ್ರೆ ಭಾನುವಾರ ಮೀಟಿಂಗಿಗೆ ಬನ್ನಿ. ಇಂಗ್ಲಿಷಲ್ಲೇ ಹೇಳ್ಬೇಕು, ಅರ್ಧ ಜನರಿಗೆ ಕನ್ನಡ ಬರುವುದಿಲ್ಲ."

ಸುಗಂಧಿಗೆ ನಗು ಬಂತು. ಯಾಕೆಂದರೆ ಆ ಸೆಕ್ರೆಟರಿಯ ಹೆಂಡತಿ ಮೀನು ಮುಟ್ಟದವರು. ಅವರು ಸಂಜೆಯವರೆಗೆ ಕಾಲೇಜಿನಲ್ಲಿರುವ ಬುಧವಾರ ಮಾತ್ರ, ನಿವೃತ್ತ ಬ್ಯಾಂಕ್ ಅಧಿಕಾರಿಯಾದ ಗಂಡ ಎರಡು ತುಂಡು ಅಂಜಲ್ ಮೀನು ಕೊಂಡು ಹುರಿದು ತಿಂದು, ಕಿಟಕಿ ತೆರೆದು ಊದುಬತ್ತಿ ಹಚ್ಚುತ್ತಿದ್ದರು. ಊದುಬತ್ತಿ ಸೋತ ದಿನ ತಪ್ಪನ್ನು ಲಿಫ್ಟಿನ ಮೇಲೆ ಹಾಕಿದ್ದರು.

ಪರ್ಕಳದಲ್ಲಿ ಜೋಸ್ಲಿನ್ ಬಾಯಿ ಎಂಬ ನಿವೃತ್ತ ಟೀಚರ್ ಇದ್ದಾರೆ, ಇವಳ ಹಳೇ ಗಿರಾಕಿ. ಶೂ ಪೆಟ್ಟಿಗೆಯೊಂದರಲ್ಲಿ ಅವರು "ಗೆಟ್" ಎಂಬ ಕ್ರಿಯಾಪದದ ನಲವತ್ತೊಂದು ಉಪಯೋಗಗಳನ್ನು ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ. ಸುಗಂಧಿ ನೇರ ಅವರ ಮನೆಗೆ ಹೋದಳು.

"ನಾಲ್ಕು ದಿನದಲ್ಲಿ ಇಂಗ್ಲಿಷ್ ಬರುವುದಿಲ್ಲ ಮಾರಾಯ್ತಿ. ಇದೊಂದನ್ನು ಕಲಿ. ಏಳುವುದಕ್ಕೂ ಗೆಟ್, ಸಿಗುವುದಕ್ಕೂ ಗೆಟ್, ತಲುಪುವುದಕ್ಕೂ, ಸಿಟ್ಟು ಬರುವುದಕ್ಕೂ, ಮದುವೆಯಾಗುವುದಕ್ಕೂ ಅದೇ."

"ಸಿಟ್ಟಿಗೂ ಮದುವೆಗೂ ಒಂದೇ ಶಬ್ದವಾ? ಹಾಗಾದ್ರೆ ಅನುಭವಸ್ಥರೇ ಮಾಡಿದ ಭಾಷೆ ಬಾಯಮ್ಮ."

"ಇಷ್ಟೆಲ್ಲ ಯಾಕೆ? ಆ ಸೆಕ್ರೆಟರಿಯ ಮನೆಯ ಗುಟ್ಟೇನಾದರೂ ನಿನಗೆ ಗೊತ್ತಿದ್ದರೆ ಹೇಳಿಬಿಡು, ಮುಗಿಯಿತು."

"ಯಾರು ಯಾವ ಮೀನು ತಗೊಂಡ್ರು ಅಂತ ಹೇಳ್ಲಿಕ್ಕೆ ಶುರು ಮಾಡಿದ್ರೆ ನಾಳೆ ನನ್ನ ಹತ್ರ ಯಾರು ತಗೊಳ್ತಾರೆ?"

ಭಾನುವಾರ ನಾಲ್ಕು ಗಂಟೆಗೆ ಒಗೆದ ಸೀರೆಯುಟ್ಟು ಅವಳು ಸಭೆಯಲ್ಲಿ ನಿಂತಳು.

"ಐ ಗೆಟ್ ಅಪ್ ಫೋರ್ ಒಕ್ಲಾಕ್. ಐ ಗೆಟ್ ಟು ಮಲ್ಪೆ. ಐ ಗೆಟ್ ಫ್ರೆಶ್ ಫಿಶ್. ಯು ಗೆಟ್ ಫ್ರೆಶ್ ಫಿಶ್. ಮೇಡಂ ಗೆಟ್ ಸ್ಮೆಲ್. ಮೇಡಂ ಗೆಟ್ ಆಂಗ್ರಿ. ನೌ ಐ ನಾಟ್ ಗೆಟ್ ಇನ್. ಯು ನಾಟ್ ಗೆಟ್ ಫಿಶ್."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆದರೆ ಸೆಕ್ರೆಟರಿಯ ಹೆಂಡತಿ ಸಂಖ್ಯಾಶಾಸ್ತ್ರದ ಪ್ರೊಫೆಸರ್. ಎದ್ದು ನಿಂತು ಬಹಳ ಸೌಮ್ಯವಾಗಿ ಇಂಗ್ಲಿಷಿನಲ್ಲಿ ಕೇಳಿದರು: ನೀನು ವಾರಕ್ಕೆ ಆರು ದಿನ ಬರುತ್ತೀ. ನಮ್ಮ ಮಹಡಿಯಲ್ಲಿ ವಾಸನೆ ಬುಧವಾರ ಮಾತ್ರ ಏಕೆ?

ತಿಲಕ್ ಅದನ್ನು ಕನ್ನಡದಲ್ಲಿ ಹೇಳಿದ. ಸೆಕ್ರೆಟರಿ ತಮ್ಮ ಚಪ್ಪಲಿಯನ್ನು ಹೊಸದಾಗಿ ಕೊಂಡವರಂತೆ ನೋಡತೊಡಗಿದರು. ಸುಗಂಧಿ ಅವರನ್ನೊಮ್ಮೆ ನೋಡಿದಳು. ಒಂದು ಮಾತು ಸಾಕಿತ್ತು; ಗೇಟು ತೆರೆಯುತ್ತಿತ್ತು, ಒಂದು ಸಂಸಾರವೂ ತೆರೆದುಕೊಳ್ಳುತ್ತಿತ್ತು.

"ವೆಡ್ನೆಸ್‌ಡೇ," ಎಂದಳು, "ಐಸ್ ಗೆಟ್ ಓವರ್, ಮೇಡಂ."

ಬುಧವಾರ ಐಸು ಮುಗಿಯುತ್ತದೆಯಂತೆ! ಸೆಕ್ರೆಟರಿ ಕುರ್ಚಿಯಿಂದ ಚಿಮ್ಮಿದರು. ಐಸು ತಾನೇ? ಬುಧವಾರದ ಐಸನ್ನು ತಮ್ಮ ಮನೆಯ ಫ್ರಿಜ್ಜಿನಿಂದಲೇ ಕೊಡುವುದಾಗಿ ಘೋಷಿಸಿದರು. ಪ್ರೊಫೆಸರರಿಗೂ ಕಾರಣ ಒಪ್ಪಿಗೆಯಾಯಿತು. ನಿಷೇಧ ಹೋಯಿತು.

ಸುದ್ದಿ ಕೇಳಿ ಜೋಸ್ಲಿನ್ ಬಾಯಿ ತಲೆ ಚಚ್ಚಿಕೊಂಡರು. "ಅದು 'ಗೆಟ್ ಓವರ್' ಅಲ್ಲ ಮಾರಾಯ್ತಿ, 'ರನ್ ಔಟ್'!"

"ಇನ್ನೊಂದು ಶಬ್ದವಾ? ಬೇಡ ಬಾಯಮ್ಮ. ಇದರಲ್ಲೇ ಇನ್ನೂ ಮೂವತ್ತು ಉಪಯೋಗ ಬಾಕಿ ಉಂಟಲ್ವಾ?"

ಈಗ ಪ್ರತಿ ಬುಧವಾರ ಸುಗಂಧಿ ಮೀನಿನ ಟಬ್ಬು ಹೊತ್ತು, ಸಭೆಯ ನಿರ್ಣಯದ ಪ್ರಕಾರವೇ, ನಾಲ್ಕನೇ ಮಹಡಿಯ ಸೆಕ್ರೆಟರಿ ಮನೆಗೆ ಐಸು ತರಲು ಹೋಗುತ್ತಾಳೆ. ಇಳಿದು ಬರುವಾಗ ಟಬ್ಬಿನಲ್ಲಿ ಐಸು ಹೆಚ್ಚಿರುತ್ತದೆ. ಅಂಜಲ್ ಎರಡು ತುಂಡು ಕಡಿಮೆ.