ಉಸಿರಿನ ಮೊದಲ ಸೇರು

ಹನ್ನೊಂದು ಜನ ಹಾಡುಹಗಲೇ ಕಣ್ಣು ಮುಚ್ಚಿ ನೆಲದ ಮೇಲೆ ಕೂತಿದ್ದರು. ಎದುರಿಗೆ ದೇವರಿಲ್ಲ, ದೀಪವಿಲ್ಲ, ಬಾಯಲ್ಲಿ ಮಂತ್ರವಿಲ್ಲ. ಎಲ್ಲರೂ ಬರೀ ಉಸಿರಾಡುತ್ತಿದ್ದರು. ಇದಕ್ಕೂ ಒಂದು ಕ್ಲಾಸು ಬೇಕೇ ಎಂದು ನನಗೆ ನಗು ಬಂತು. ನಮ್ಮೂರು ಯಂಕಂಚಿಯಲ್ಲಿ ಹೀಗೆ ಕೂತರೆ ಹತ್ತು ಜನ ಬಂದು "ಯಾಕವ್ವಾ, ಆರಾಮ ಇಲ್ಲೇನು?" ಎಂದು ಕೇಳಿ, ಚಹಾ ಕುಡಿದೇ ಹೋಗುತ್ತಾರೆ.

ಜರ್ಮನಿಯ ಸಣ್ಣ ಪಟ್ಟಣವೊಂದರ ಆಸ್ಪತ್ರೆಯಲ್ಲಿ ನಾನು ನರ್ಸ್. ಬಂದು ಎರಡು ವರ್ಷವಾಯಿತು. ಇಲ್ಲಿ 'ರೂಹೆ' ಎಂಬ ಮಾತಿದೆ. ಸದ್ದಿಲ್ಲದಿರುವುದಕ್ಕೂ ನೆಮ್ಮದಿಗೂ ಅದೊಂದೇ. ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮೊದಲ ಭಾನುವಾರ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದರೆ ಕೆಳಮನೆಯ ಅಜ್ಜಿ ಸದ್ದು ತಾಳದೆ ಮೇಲೆ ಬಂದು ಬಾಗಿಲು ತಟ್ಟಿದಳು. ಆಕೆಯ ಕೈಗೆ ಬಿಸಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟೆ. ಈಗ ಶನಿವಾರವೇ ಬಡಿದಿಡುತ್ತೇನೆ, ಆಕೆಗೂ ಸೇರಿಸಿ. ಆದರೂ ಸದ್ದಿಲ್ಲದ ಆ ಭಾನುವಾರಗಳಲ್ಲಿ ಮನೆಯ ನೆನಪು ಜೀವ ಹಿಂಡುತ್ತದೆ.

ಹೋದ ಚಳಿಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ರಜೆ ಹಾಕಿ ಹೋಗಿ, ಇಪ್ಪತ್ತು ದಿನ ಇದ್ದು ಬಂದೆ. ಆಮೇಲೆ ಫೋನಿನಲ್ಲಿ ಅವನು ನನ್ನನ್ನು ನೋಡುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ, ಅಷ್ಟೇ. ನನಗೆ ಅವನ ದನಿ ಬೇಕಿತ್ತು. ಒಂದು ದಿನ ಔಷಧದ ಟ್ರೇ ಹಿಡಿದುಕೊಂಡೇ ಅತ್ತುಬಿಟ್ಟೆ. ಜೊತೆಯ ನರ್ಸ್ ಹಾನಾ ನನ್ನನ್ನು ಈ ಶನಿವಾರದ ಕ್ಲಾಸಿಗೆ ಎಳೆದು ತಂದಳು. "ನೀನು ಭಾರತದವಳು, ನಿನಗೆ ಧ್ಯಾನ ಗೊತ್ತೇ ಇರುತ್ತದೆ" ಎಂದಳು. ಗೊತ್ತಿರಲಿಲ್ಲ.

ಕಲಿಸುವಾಕೆ ಹೇಳಿದ್ದು ಇಷ್ಟೇ: 'ಆಟೆಮ್', ಅಂದರೆ ಉಸಿರು, ಅದರ ಮೇಲೆ ಗಮನವಿಡಿ, ಒಂದರಿಂದ ಹತ್ತರವರೆಗೆ ಎಣಿಸಿ, ಮನಸ್ಸು ಓಡಿಹೋದರೆ ಬೈದುಕೊಳ್ಳದೆ ಮತ್ತೆ ಒಂದಕ್ಕೆ ಬನ್ನಿ. ಮೂರು ವಾರ ನಾನು ನಾಲ್ಕನ್ನು ದಾಟಲಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಮನಸ್ಸು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿಳಿದು ಮನೆಯ ದಾರಿ ಹಿಡಿಯುತ್ತಿತ್ತು. ನಾಲ್ಕನೆಯ ವಾರ ಜರ್ಮನ್ ಬಿಟ್ಟು ಕನ್ನಡದಲ್ಲಿ ಎಣಿಸಲು ಹೊರಟೆ. ಮೊದಲ ಉಸಿರಿಗೆ 'ಒಂದು' ಬರಲೇ ಇಲ್ಲ, 'ಲಾಭ' ಬಂತು.

ನಮ್ಮ ಕಡೆ ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಊರಿನ ಎಷ್ಟೋ ರಾಶಿಗಳನ್ನು ಅಳೆದವನು ಅಪ್ಪ. ಅವನು ಸೇರು ಕೈಗೆತ್ತಿಕೊಂಡರೆ ಯಾರೂ ಪಿಟಕ್ ಎನ್ನುವಂತಿರಲಿಲ್ಲ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. ಆ ದಿನ ಹತ್ತೂ ಉಸಿರು ಎಣಿಸಿ ಮುಗಿಸಿದಾಗ ನನ್ನ ಕೆನ್ನೆ ಒದ್ದೆಯಾಗಿತ್ತು.

ಮಾತು ಹೋದ ಕೆಲವು ರೋಗಿಗಳು ಎಣಿಕೆಯನ್ನು ಮಾತ್ರ ಹೇಳುವುದನ್ನು ನಮ್ಮ ವಾರ್ಡಿನಲ್ಲೇ ಕಂಡಿದ್ದೆ. ನನಗದು ಮೊದಲೇ ಹೊಳೆಯಬೇಕಿತ್ತು. ಮರುದಿನ ಮಧ್ಯಾಹ್ನ ಮನೆಗೆ ಫೋನು ಮಾಡಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಫೋನನ್ನು ಅಪ್ಪನ ಮುಖದ ಮುಂದೆ ಹಿಡಿದರು.

"ಅಪ್ಪಾ, ಕಣ್ಣ ಮುಚ್ಚು. ರಾಶಿ ಅಳಿಯೂಣು," ಎಂದೆ.

"ಏನ್ ಮಾಡಾಕತ್ತೀ ಸುನಂದಾ? ಸುಮ್ನ ಅವರಿಗೆ ತ್ರಾಸ ಕೊಡಬ್ಯಾಡ," ಎಂದರು ವೈನಿ.

"ಜರಾ ತಡೀರಿ, ವೈನಿ."

ಉಸಿರೆಳೆದು ಬಿಟ್ಟೆ. "ಲಾಭ."

ಇನ್ನೊಮ್ಮೆ ಹೇಳಿದೆ. ಹಾಸಿಗೆಯ ಮೇಲಿದ್ದ ಅವನ ಎಡಗೈ ಸೇರು ಹಿಡಿದಂತೆ ಬಾಗಿತು.

"ಎ... ಎರಡ."

ಫೋನು ಅಲುಗಾಡಿತು. "ಅಯ್ಯ, ಮಾವಾರು ಮಾತಾಡಿದ್ರು!" ಎಂದು ವೈನಿ ಅಣ್ಣನನ್ನು ಕೂಗಿದರು.

ಈಗ ಪ್ರತಿ ಭಾನುವಾರ ಇಬ್ಬರೂ ಎಣಿಸುತ್ತೇವೆ. ನನ್ನ ಹೆಸರು ಅವನ ಬಾಯಿಗೆ ಇನ್ನೂ ಬಂದಿಲ್ಲ. ನಾನು ಬೈದುಕೊಳ್ಳುತ್ತಿದ್ದ ಈ ಊರಿನ ರೂಹೆಯಲ್ಲಿ ಆ ಸಣ್ಣ ದನಿ ಚೆನ್ನಾಗಿ ಕೇಳಿಸುತ್ತದೆ. ಎಣಿಕೆ ಹತ್ತಕ್ಕೆ ಬರುವ ಹೊತ್ತಿಗೆ ನನ್ನ ಡ್ಯೂಟಿಗೆ ಸಮಯವಾಗಿರುತ್ತದೆ, ಕೋಟು ತೊಟ್ಟು ಬಾಗಿಲ ಬಳಿ ನಿಂತಿರುತ್ತೇನೆ. ಹತ್ತಾದ ಮೇಲೆ ಮತ್ತೆ ಮೊದಲಿಗೆ ಬರಬೇಕೆಂದು ಇಲ್ಲಿನ ಕ್ಲಾಸಿನಲ್ಲಿ ಕಲಿಸಿದ್ದಾರೆ. ಅಪ್ಪ ಬರುವುದಿಲ್ಲ. ಹನ್ನೊಂದು, ಹನ್ನೆರಡು ಎಂದು ಅಳೆಯುತ್ತಲೇ ಇರುತ್ತಾನೆ, ನಾನು ಫೋನು ಇಡದಿರಲೆಂದು.