ಉಗುರು ನೋಡುತ್ತಿದ್ದ ನೇಮಣ್ಣ ಮಾಸ್ತರರು

ನೇಮಣ್ಣ ಮಾಸ್ತರರು ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಸೋಮವಾರ ಬೆಳಿಗ್ಗೆ ಕಲಿಯುವವರಾದ ನಾವೆಲ್ಲ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಸಾಲಾಗಿ ನಿಂತು, ಶಾಲೆಯ ಮಕ್ಕಳಂತೆ ಕೈ ಮುಂದೆ ಮಾಡಬೇಕು. "ಉಗುರು ತೋರಸ್ರಿ, ನಖಂ ದಾಖವಾ" ಎಂದು ಕನ್ನಡದವರಿಗೂ ಮರಾಠಿಯವರಿಗೂ ಒಂದೇ ಉಸಿರಿನಲ್ಲಿ ಹೇಳಿ, ಒಬ್ಬೊಬ್ಬರ ಕೈಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಉಗುರಿನ ಮೇಲೆ ಹೆಬ್ಬೆರಳು ಸವರುತ್ತಿದ್ದರು. ಗೆರೆ ಮೂಡಿದೆಯೇ, ಬುಡದ ಚರ್ಮ ಒಣಗಿದೆಯೇ ಎಂದು ನೋಡುವುದು. ಏನೂ ಇಲ್ಲದಿದ್ದರೆ "ಪಾಸ್" ಎನ್ನುವರು. ಆಮೇಲೆಯೇ ಒಳಗೆ ಹೋಗಲು ಅಪ್ಪಣೆ.

ಹಾಗೆ ನೋಡುತ್ತಿದ್ದ ಅವರ ಬಲಗೈ ಮಾತ್ರ ಸರಿಯಾಗಿತ್ತು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಉಳಿದ ಬೆರಳುಗಳು ಒಣಮೆಣಸಿನಕಾಯಿಯಂತೆ ಸುಕ್ಕುಗಟ್ಟಿದ್ದವು.

ಮಹಾರಾಷ್ಟ್ರ ಎಂಬ ಹೊಸ ರಾಜ್ಯವಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಗಡಹಿಂಗ್ಲಜದ ಕಿರಾಣಿ ಅಂಗಡಿಯ ಮನೆಯಿಂದ ನಾನು ಕೊಲ್ಹಾಪುರದ ಒಂದು ಖಾಸಗಿ ದವಾಖಾನೆಗೆ ಎಕ್ಸ್‌ರೇ ಕೆಲಸ ಕಲಿಯಲು ಹೋಗಿದ್ದೆ. ಮಾಸ್ತರರು ದತ್ತವಾಡದ ಜೈನ ಒಕ್ಕಲುತನದ ಮನೆಯವರು. ಅಣ್ಣತಮ್ಮಂದಿರು ಕಬ್ಬು ಬೆಳೆಯುತ್ತಿದ್ದರೆ, ಇವರು ಹರೆಯದಲ್ಲೇ ಊರು ಬಿಟ್ಟು ಈ ಯಂತ್ರದ ಬೆನ್ನು ಹತ್ತಿದ್ದರು. ಆ ಕಾಲದಲ್ಲಿ ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಒಂದೇ ದಾರಿಯಿತ್ತಂತೆ. ಕತ್ತಲಲ್ಲಿ ಹೊಳೆಯುವ ಪರದೆಯ ಹಿಂದೆ ತಮ್ಮದೇ ಎಡಗೈ ಹಿಡಿಯುವುದು. ಎಲುಬು ಕಂಡರೆ "ಚಾಲೂ ಆತು" ಎಂದು ಕೆಲಸಕ್ಕೆ ಇಳಿಯುವುದು. ಅಳುವ ಕೂಸು ಬಂದರೆ ಅದನ್ನು ಹಿಡಿದುಕೊಳ್ಳುವುದೂ ಅದೇ ಕೈ. ವರ್ಷಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಉಗುರು ಸೀಳಿತು, ಹುಣ್ಣಾಯಿತು, ಹುಣ್ಣು ಮಾಯಲಿಲ್ಲ, ಎರಡು ಬೆರಳು ತೆಗೆಯಬೇಕಾಯಿತು.

"ಬೆಂಕಿ ಭಾಳ ಚೊಲೋ, ತಂಗೀ," ಎನ್ನುತ್ತಿದ್ದರು. "ಮುಟ್ಟಿದ ಕೂಡ್ಲೇ ಸುಡತೈತಿ, ನೀ ಕೈ ತಗೀತಿ. ಈ ಎಕ್ಸ್‌ರೇ ಹಂಗಲ್ಲ. ಏನೂ ಆಗಿಲ್ಲ, ಏನೂ ಆಗಿಲ್ಲ ಅನ್ನಿಸ್ಕೋಂತನ ಒಳಗ ಕೆಲಸ ಮಾಡತೈತಿ."

ಅವರಿಗೆ ಇದ್ದದ್ದು ಒಂದೇ ಆಸೆ. "ನನ್ನ ಕಡೆ ಕಲತವರದು ಒಂದು ಬೆರಳೂ ಹೋಗಬಾರದು."

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೂಸುಗಳನ್ನು ಹಿಡಿಯದೇ ಇರುವುದು. ಮೇಜಿನ ಮೇಲೆ ಎಳೆಯ ಜೀವ ಕೈಕಾಲು ಬಡಿಯುತ್ತ ಅಳುವಾಗ, ನಾನು ಕಿರಣ ತಡೆಯುವ ಸೀಸದ ಗೋಡೆಯ ಹಿಂದೆ ಹೋಗಿ ನಿಲ್ಲುವುದೆಂದರೆ ಕಲ್ಲೆದೆ ಬೇಕು ಅನ್ನಿಸುತ್ತಿತ್ತು. ಒಮ್ಮೆ ಮಾಸ್ತರರಿಗೆ ಹೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ.

"ಆ ಕೂಸು ಜನ್ಮದಾಗ ಒಮ್ಮೆ ಬರತೈತಿ, ಶಾಂತಾ. ನೀ ದಿನಾ ಬರತಿ. ಮರುಗು, ಬ್ಯಾಡ ಅನ್ನಾಂಗಿಲ್ಲ. ಗ್ವಾಡಿ ಹಿಂದ ನಿಂತು ಮರುಗು."

ಮರುದಿನವೇ ಕಲಿಕೆಗೆ ಒಂದು ಹೊಸ ಪಾಠ ಸೇರಿತು. ನಮ್ಮ ಕಡೆ ಅಜ್ಜಿಯರು ಕೂಸಿಗೆ ನೀರೆರೆದ ಮೇಲೆ, ಕಾಲು ಚಾಚಿ ಕೂತು, ಹಳೆಯ ಧೋತರದಲ್ಲಿ ಕೈಕಾಲು ಸೇರಿಸಿ ಬಿಗಿಯಾಗಿ ಸುತ್ತುತ್ತಾರಲ್ಲ, ಅದು. ಸುತ್ತಿದ ಕೂಸು ಅಲುಗುವುದಿಲ್ಲ, ಎಷ್ಟೋ ಸಲ ನಿದ್ದೆಯನ್ನೇ ಮಾಡುತ್ತದೆ, ಯಾರೂ ಹಿಡಿಯಬೇಕಾಗಿಲ್ಲ. ಆದರೆ ಅಭ್ಯಾಸಕ್ಕೆ ಕೂಸು ಎಲ್ಲಿಂದ ತರುವುದು? ಮಾಸ್ತರರು ಪೇಟೆಯಿಂದ ಕೂಸಿನ ಗಾತ್ರದ ಬೆಲ್ಲದ ಅಚ್ಚನ್ನು, ಒಂದು ಪೆಂಟಿಯನ್ನು, ಹೆಗಲ ಮೇಲೆ ಹೊತ್ತು ತಂದರು. ಗಂಡಸರು, ಹೆಂಗಸರು ಎಲ್ಲರೂ ನೆಲದ ಮೇಲೆ ಕೂತು ಸರದಿಯಂತೆ ಬೆಲ್ಲಕ್ಕೆ ಅರಿವೆ ಸುತ್ತಿದೆವು. ನಮ್ಮ ಜೊತೆಗಿದ್ದ ಸದಾಶಿವ ಎಂಬಾತ, "ಮಾಸ್ತರ, ನನ್ನ ಕೂಸು ಕರಗಾಕತ್ತೈತ್ರಿ" ಎಂದಾಗ ಎಲ್ಲರೂ ನಕ್ಕೆವು. ಮಧ್ಯಾಹ್ನದ ಹೊತ್ತಿಗೆ ಪೆಂಟಿಗೆ ಇರುವೆ ಮುತ್ತಿದವು. ಸದಾಶಿವ ಝಾಡಿಸಲು ಹೋದ. ಮಾಸ್ತರರು ತಡೆದು, ತಾವೇ ಮೊಣಕಾಲೂರಿ ಕೂತು ಉಫ್ ಉಫ್ ಎಂದು ಊದಿ ಒಂದೊಂದನ್ನೇ ಕಳಿಸಿದರು. "ಅವಕೂ ಕೈಕಾಲು ಅದಾವ್ರಿ" ಎಂದರು.

ಆಮೇಲೆ ನಾನು ಇಚಲಕರಂಜಿಯ ಒಂದು ದವಾಖಾನೆಗೆ ಕೆಲಸಕ್ಕೆ ಹೋದೆ. ಅಲ್ಲಿ ಎಕ್ಸ್‌ರೇ ಕೋಣೆಗೆ ನಾನೊಬ್ಬಳೇ. ಒಂದು ದಿನ ಯಡ್ರಾವದಿಂದ ಮಗ್ಗದ ಕೆಲಸದವನೊಬ್ಬ ಮಗನನ್ನು ಎತ್ತಿಕೊಂಡು ಓಡಿಬಂದ. ಕೂಸು ಕಬ್ಬಿಣದ ಕೊಂಡಿಯೊಂದನ್ನು ನುಂಗಿತ್ತು. ನಾನು ಸುತ್ತಿದೆ. ಅದು ಬೆಲ್ಲವಲ್ಲ, ವರ್ಷ ದಾಟಿದ ಗಟ್ಟಿ ಪಿಂಡ. ಅರಿವೆ ಚಿಕ್ಕದು. ಎರಡು ಸಲ ಒದ್ದು ಬಿಡಿಸಿಕೊಂಡಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಡಿದರೆ ಒಂದು ಗಳಿಗೆಯ ಕೆಲಸ. ಮುಂದೆ ಹೋದ ಕೈಯ ಉಗುರು ಕಣ್ಣಿಗೆ ಬಿತ್ತು. ಕೈ ಹಿಂದೆ ತೆಗೆದು, ಸೀಸದ ಏಪ್ರನ್ನು, ಕೈಗವಸು ತಂದು ಆ ತಂದೆಗೆ ತೊಡಿಸಿದೆ. "ನೀವು ಹಿಡೀರಿ" ಎಂದು ಗೋಡೆಯ ಹಿಂದೆ ಹೋದೆ.

"ಅಯ್ ಬಾಯಾರ!" ಎಂದು ಆತ ಅಲ್ಲಿಂದಲೇ ಕೂಗಿದ. "ನನಗ ಗೋಣಿಚೀಲ ಕಟ್ಟಿ ನೀವು ಓಡಿ ಹೊಂಟ್ರೇನು? ಕೂಸಿನಕಿಂತ ನಿಮ್ಮ ಜೀವಾನ ಹೆಚ್ಚಾತೇನ್ರಿ?"

ನಾನು ಗುಂಡಿ ಒತ್ತಿದೆ. ಕೊಂಡಿ ಹೊಟ್ಟೆಗೆ ಇಳಿದಿತ್ತು, ಉಸಿರಿಗೆ ಅಡ್ಡಿಯಿರಲಿಲ್ಲ. ತಾನಾಗಿ ಹೊರಬಂದೀತು, ಕಣ್ಣಿಡಿ ಎಂದು ಡಾಕ್ಟರರು ಹೇಳಿದರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ರಜೆಯ ದಿನ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗಿ ಮಾಸ್ತರರಿಗೆ ಹೇಳಿಕೊಂಡೆ.

"ಕೈ ಹಿಂದ ತಗದ್ಯೋ ಇಲ್ಲೋ?"

"ತಗದೆರಿ."

"ಮತ್ತ ಅಳತಿ ಯಾಕ? ಬೈಗಳು ಕಿವಿಗೆ ತಗಲತೈತಿ, ಕೈಗೆ ತಗಲಂಗಿಲ್ಲ. ಚಾ ಕುಡಿ."

ಕೆಲವು ದಿನ ಕಳೆದು ಆ ಯಡ್ರಾವದವನೇ ಬಂದ. ಕೊಂಡಿ ಹೊರಬಿದ್ದಿತ್ತಂತೆ. ಕಂಕುಳಲ್ಲಿ ಬಿಳಿ ಬಟ್ಟೆಯ ಸುರುಳಿ ಇತ್ತು. "ಅವತ್ತ ತಲಿ ಜಾಗಾದಾಗ ಇರಲಿಲ್ರಿ, ಏನೇನೋ ಅಂದೆ. ನಿಮ್ಮ ಅರಿವಿ ಭಾಳ ಸಣ್ಣದಿತ್ತು ನೋಡ್ರಿ. ಇದು ನನ್ನ ಮಗ್ಗದ್ದು, ಉದ್ದ ಐತಿ. ಇನ್ನ ಯಾರ ಕೂಸೂ ಒದ್ದು ಬಿಡಿಸ್ಕೊಳ್ಳಾಂಗಿಲ್ಲ." ಆ ಬಟ್ಟೆಯಲ್ಲಿ ಎಷ್ಟೋ ಊರಿನ ಕೂಸುಗಳನ್ನು ಸುತ್ತಿದ್ದೇನೆ.

ಮಾಸ್ತರರನ್ನು ಕೊನೆಗೆ ನೋಡಿದ್ದು ಗಡಹಿಂಗ್ಲಜದಲ್ಲಿ, ಎಸ್‌.ಟಿ. ಸ್ಟ್ಯಾಂಡಿನ ಹಿಂದಿದ್ದ ಅವರ ಮಗಳ ಮನೆಯಲ್ಲಿ. ತವರಿಗೆ ಬಂದವಳು ನೋಡಲು ಹೋಗಿದ್ದೆ. ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದಿದ್ದರು. ಬೇನೆ ಅಷ್ಟಕ್ಕೇ ನಿಂತಿರಲಿಲ್ಲ. ಕಣ್ಣೂ ಮಂಜಾಗಿತ್ತು. ಆದರೂ ಮಗ್ಗದ ಬಟ್ಟೆಯ ಕಥೆ ಕೇಳಿ ಬಾಯಿತುಂಬ ನಕ್ಕರು. "ಬೆಲ್ಲಕ್ಕಿಂತ ಅವನ ಕೂಸ ಗಟ್ಟಿ ಇತ್ತಲಾ" ಎಂದರು.

ಒಳಗಿನಿಂದ ಮಗಳು ಕರೆದಳು. "ಅಪ್ಪಾ, ಹೊತ್ತು ಮುಳಗಾಕತ್ತೈತಿ. ಉಣ್ಣಾಕ ಏಳು." ಹೊತ್ತು ಮುಳುಗಿದ ಮೇಲೆ ಅವರು ಉಣ್ಣುತ್ತಿರಲಿಲ್ಲ.

"ತಡೀವಾ, ಇಕೀ ತಪಾಸಣಿ ಆಗಿಲ್ಲ," ಎಂದು ನನ್ನ ಕಡೆ ತಿರುಗಿದರು. ನಾನು ಎರಡೂ ಕೈ ಚಾಚಿದೆ. ಕಿಟಕಿಯ ಕಡೆ ಎಳೆದುಕೊಂಡರು, ಕಾಣಲಿಲ್ಲವೆಂದು ತೋರುತ್ತದೆ. ಆಗ ಹೆಬ್ಬೆರಳಿನಿಂದ ಒಂದೊಂದೇ ಉಗುರನ್ನು ನಿಧಾನವಾಗಿ ಸವರುತ್ತ ಹೋದರು, ಕಿರುಬೆರಳಿನವರೆಗೂ.

"ಪಾಸ್," ಎಂದರು. ಮುಖ ಅರಳಿತ್ತು. ಎದ್ದು ಊಟಕ್ಕೆ ಹೋದರು.

ಅವರು ತೀರಿಕೊಂಡ ಸುದ್ದಿ ಇಚಲಕರಂಜಿಗೆ ಬಂದಾಗ ಎಲ್ಲ ಮುಗಿದುಹೋಗಿತ್ತು. ಈಗಲೂ ಸೋಮವಾರ ಬೆಳಿಗ್ಗೆ ಎಕ್ಸ್‌ರೇ ಕೋಣೆಯ ಬಾಗಿಲು ತೆರೆಯುವ ಮೊದಲು ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಬೆರಳು ಎಲ್ಲವೂ ಇವೆ. ಪಾಸ್ ಎನ್ನುವವರಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತು, ಆಮೇಲೆ ಒಳಗೆ ಹೋಗುತ್ತೇನೆ.